ಸರ್ಕಾರದ ಕಿವಿ ಹಿಂಡಿದ ರೇಡಿಯೋ ಕೇಳುಗರು

ಬಸ್ಸು ಊರು ದಾಟಿ ಹೆದ್ದಾರಿಗೆ ಬಿದ್ದಿದೆ. ಹಿಂದಿನ ಸೀಟಿನ ಹುಡುಗ ಮೊಬೈಲಿನಲ್ಲಿ ಹಾಡು ಹಾಕಿದ್ದಾನೆ. ಹಾಡು ಅವನೊಬ್ಬನಿಗಲ್ಲ, ಇಡೀ ಬಸ್ಸಿಗೆ ಕೇಳಿಸುತ್ತಿದೆ. ಕಿಟಕಿಯ ಪಕ್ಕದ ಹಿರಿಯರು ಒಮ್ಮೆ ತಿರುಗಿ ನೋಡುತ್ತಾರೆ, ಇನ್ನೊಮ್ಮೆ ಕೆಮ್ಮುತ್ತಾರೆ, ಕೊನೆಗೆ ಪಕ್ಕದವರ ಕಡೆ ವಾಲಿ, ‘ಇದೂ ಒಂದು ಹಾಡೇ ಸ್ವಾಮೀ? ನಮ್ಮ ಕಾಲದ ಹಾಡು ಹೀಗಿತ್ತೇ?’ ಎನ್ನುತ್ತಾರೆ. ಪಕ್ಕದವರು, ‘ಎಲ್ಲ ಈ ಮೊಬೈಲ್ ಬಂದ ಮೇಲೆ ಕೆಟ್ಟಿದ್ದು’ ಎಂದು ತಲೆಯಾಡಿಸುತ್ತಾರೆ.

ಕರ್ನಾಟಕದ ಸಾರಿಗೆ ಬಸ್ಸುಗಳಲ್ಲಿ ಮೊಬೈಲಿನಿಂದ ಗಟ್ಟಿಯಾಗಿ ಹಾಡು ಹಾಕಬಾರದೆಂದು 2021ರ ನವೆಂಬರಿನಲ್ಲಿ ಆದೇಶವೇ ಹೊರಟಿತು; ಅದಕ್ಕೆ ಹೈಕೋರ್ಟಿನ ಸೂಚನೆಯೂ ಕಾರಣವಾಗಿತ್ತು. ಆದರೆ ಈ ಹಿರಿಯರ ದೂರು ಸದ್ದಿನ ಬಗ್ಗೆ ಮಾತ್ರ ಅಲ್ಲ. ಅದರಲ್ಲಿ ಮೂರು ದೂರುಗಳು ಒಂದರ ಬಾಲ ಇನ್ನೊಂದು ಹಿಡಿದು ನಿಂತಿವೆ: ಯಂತ್ರ ಸರಿಯಿಲ್ಲ, ಹಾಡು ಸರಿಯಿಲ್ಲ, ಕೇಳುವ ರೀತಿ ಸರಿಯಿಲ್ಲ. ಹೋಟೆಲಿನಲ್ಲಿ, ಬಸ್ಸಿನಲ್ಲಿ, ಮನೆಯ ಜಗಲಿಯಲ್ಲಿ ನಾವೆಲ್ಲ ದಿನಕ್ಕೊಮ್ಮೆಯಾದರೂ ಆಡುವ ಮಾತಿದು. ಆಡಿ ಮರೆಯುತ್ತೇವೆ. ಇಂಥ ಹಗುರ ಅಭಿಪ್ರಾಯಗಳಿಗೆ ಇತಿಹಾಸದಲ್ಲಿ ಜಾಗವೆಲ್ಲಿ ಎಂದು ಯಾರಾದರೂ ಕೇಳಬಹುದು.

ಜಾಗವಿದೆ. ಸುಮಾರು ಏಳು ದಶಕಗಳ ಹಿಂದೆ ಆ ಹಿರಿಯರ ಗೊಣಗಾಟವೇ ಭಾರತ ಸರ್ಕಾರದ ನೀತಿಯಾಗಿತ್ತು. ಆಗ ಆ ಹುಡುಗನ ಪಾತ್ರದಲ್ಲಿದ್ದವರು ದೇಶದ ರೇಡಿಯೋ ಕೇಳುಗರು. ಐದು ವರ್ಷ ನಡೆದ ಆ ಜಗ್ಗಾಟದಲ್ಲಿ ಸರ್ಕಾರ ಸೋತಿತು. ಮೆರವಣಿಗೆ ಹೊರಡಲಿಲ್ಲ, ಘೋಷಣೆ ಕೂಗಲಿಲ್ಲ. ಜನ ಮಾಡಿದ್ದು ಒಂದೇ ಕೆಲಸ: ರೇಡಿಯೋದ ಕಿವಿ ತಿರುಪಿದರು.

ಮನೆಗೆ ಬಂದ ಮಾತಿನ ಪೆಟ್ಟಿಗೆ

ನಮ್ಮ ದೇಶದಲ್ಲಿ ರೇಡಿಯೋ ವ್ಯವಸ್ಥಿತವಾಗಿ ಶುರುವಾದದ್ದು 1927ರಲ್ಲಿ. ಆ ವರ್ಷದ ಜುಲೈ 23ರಂದು ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಮುಂಬೈಯಿಂದ ಪ್ರಸಾರ ಆರಂಭಿಸಿತು. ಮರು ತಿಂಗಳು ಕಲ್ಕತ್ತೆಯಿಂದ. ಅದು ಖಾಸಗಿ ಕಂಪನಿ. ರೇಡಿಯೋ ಇಟ್ಟುಕೊಳ್ಳುವವರು ವರ್ಷಕ್ಕೆ 10 ರೂಪಾಯಿ ಕೊಟ್ಟು ಲೈಸೆನ್ಸ್ ಪಡೆಯಬೇಕಿತ್ತು. ಮೂರು ವರ್ಷ ಕಳೆದರೂ ಲೈಸೆನ್ಸುಗಳ ಸಂಖ್ಯೆ ಎಂಟು ಸಾವಿರ ಮುಟ್ಟಲಿಲ್ಲ. 1930ರಲ್ಲಿ ಕಂಪನಿ ಮುಚ್ಚಿತು, ಪ್ರಸಾರ ಸರ್ಕಾರದ ಕೈಗೆ ಬಂತು. 1936ರ ಜೂನಿನಲ್ಲಿ ಅದಕ್ಕೆ ಆಲ್ ಇಂಡಿಯಾ ರೇಡಿಯೋ ಎಂಬ ಹೆಸರಾಯಿತು.

ಅದಕ್ಕೂ ಒಂಬತ್ತು ತಿಂಗಳು ಮೊದಲೇ ಮೈಸೂರಿನಲ್ಲಿ ಬೇರೊಂದು ಪ್ರಯೋಗ ನಡೆದಿತ್ತು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆಯಿಂದಲೇ ಪುಟ್ಟ ಯಂತ್ರವೊಂದನ್ನಿಟ್ಟು ಪ್ರಸಾರ ಶುರುಮಾಡಿದರು. ಆ ಕೇಂದ್ರದ ಹೆಸರು ‘ಆಕಾಶವಾಣಿ’. 1950ರ ದಶಕದಲ್ಲಿ ಈ ಹೆಸರನ್ನು ಇಡೀ ದೇಶದ ರೇಡಿಯೋ ತನ್ನದಾಗಿಸಿಕೊಂಡಿತು. ಕೇಳುಗರ ಮನಸ್ಸು ಏನು ಬಯಸುತ್ತದೆ ಎಂಬ ಪ್ರಶ್ನೆ ಮನಃಶಾಸ್ತ್ರದ ಮೇಷ್ಟ್ರಿಗೆ ಸಹಜವಾಗಿತ್ತು. ಸರ್ಕಾರಿ ರೇಡಿಯೋ ಕೇಳಿಕೊಂಡ ಪ್ರಶ್ನೆ ಮಾತ್ರ ಬೇರೆ: ಕೇಳುಗರು ಏನನ್ನು ಬಯಸಬೇಕು?

ಮೊದಲು ಹೊರಬಿದ್ದದ್ದು ಹಾರ್ಮೋನಿಯಂ

ಆ ಪ್ರಶ್ನೆಗೆ ಮೊದಲು ಬಲಿಯಾದದ್ದು ಹಾಡಲ್ಲ, ಒಂದು ವಾದ್ಯ. ಹಾರ್ಮೋನಿಯಂ ಯುರೋಪಿನಿಂದ ಬಂದದ್ದು. ಪ್ಯಾರಿಸ್ಸಿನ ಅಲೆಕ್ಸಾಂಡರ್ ದೆಬೇನ್ ಎಂಬಾತ 1842ರಲ್ಲಿ ಅದರ ಹಕ್ಕು ಪಡೆದಿದ್ದ. ನಮ್ಮಲ್ಲಿ ಅದು ಕೈಯಿಂದ ತಿದಿಯೊತ್ತುವ ಪೆಟ್ಟಿಗೆಯಾಗಿ ಹಬ್ಬಿತು. ಭಜನೆಯ ಮನೆಗೆ ಹೋಯಿತು, ಹರಿಕಥೆಗೆ ಹೋಯಿತು. ಕರ್ನಾಟಕದ ಕಂಪನಿ ನಾಟಕಗಳಲ್ಲಿ ‘ಕಾಲು ಪೆಟ್ಟಿಗೆ’ಯವರು ಶ್ರುತಿ ಹಿಡಿಯದೆ ಪರದೆಯೇ ಏಳುತ್ತಿರಲಿಲ್ಲ.

ಆದರೆ ಪಂಡಿತರ ಆಕ್ಷೇಪ ಇದ್ದೇ ಇತ್ತು. ಹಾರ್ಮೋನಿಯಂನ ಮನೆಗಳು ಗಟ್ಟಿಯಾಗಿ ಕೂತವು. ಒಂದು ಸ್ವರದಿಂದ ಇನ್ನೊಂದು ಸ್ವರಕ್ಕೆ ಜಾರುವ ಮೀಂಡ್, ಸ್ವರವನ್ನು ತೂಗುವ ಗಮಕ ಅದರಲ್ಲಿ ಹೊರಡುವುದಿಲ್ಲ. ದೆಹಲಿ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತದ ಹೊಣೆ ಹೊತ್ತಿದ್ದ ಇಂಗ್ಲಿಷ್ ಸಂಗೀತಗಾರ ಜಾನ್ ಫೋಲ್ಡ್ಸ್ ಅದರ ವಿರುದ್ಧ ಬರೆದ. ಕವಿ ರವೀಂದ್ರನಾಥ ಠಾಕೂರರೂ ಅದನ್ನು ಮೆಚ್ಚುತ್ತಿರಲಿಲ್ಲ. 1940ರ ಮಾರ್ಚಿನಿಂದ ಆಲ್ ಇಂಡಿಯಾ ರೇಡಿಯೋದಲ್ಲಿ ಹಾರ್ಮೋನಿಯಂಗೆ ಬಾಗಿಲು ಮುಚ್ಚಿತು. ಅದು ಸ್ವಲ್ಪ ಸ್ವಲ್ಪವಾಗಿ ತೆರೆಯಲು ಮೂರು ದಶಕಗಳೇ ಬೇಕಾದವು. ನಿಲಯದೊಳಗೆ ನಿಷೇಧವಿದ್ದಾಗಲೂ ಹೊರಗಡೆ ಭಜನೆ ನಿಲ್ಲಲಿಲ್ಲ, ನಾಟಕವೂ ನಿಲ್ಲಲಿಲ್ಲ. ಜನರ ಕಿವಿ ಒಂದು ದಾರಿ, ರೇಡಿಯೋದ ನಿಯಮ ಇನ್ನೊಂದು ದಾರಿ ಎಂಬುದಕ್ಕೆ ಇದು ಮೊದಲ ಸೂಚನೆ.

ಕೇಸ್ಕರ್ ಅವರ ಶುದ್ಧೀಕರಣ

ಸ್ವಾತಂತ್ರ್ಯ ಬಂದಾಗ ಭಾರತದ ಪಾಲಿಗೆ ಸಿಕ್ಕಿದ್ದು ಆರೇ ಆರು ಆಲ್ ಇಂಡಿಯಾ ರೇಡಿಯೋ ಕೇಂದ್ರಗಳು. ಆಮೇಲೆ ಒಂದೊಂದಾಗಿ ಹೊಸ ಕೇಂದ್ರಗಳು ತೆರೆದವು; ಧಾರವಾಡ ಕೇಂದ್ರ 1950ರ ಜನವರಿ 8ರಂದು ಆರಂಭವಾಯಿತು. 1952ರಲ್ಲಿ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವರಾದರು. 1962ರವರೆಗೆ ಆ ಸ್ಥಾನದಲ್ಲಿದ್ದರು. ಕೇಸ್ಕರ್ ಸುಮ್ಮನೆ ಕುರ್ಚಿ ಹಿಡಿದ ರಾಜಕಾರಣಿಯಲ್ಲ. ಓದಿದವರು, ಶಾಸ್ತ್ರೀಯ ಸಂಗೀತ ಅಭ್ಯಾಸ ಮಾಡಿದವರು. ರಾಜಮಹಾರಾಜರ ಆಶ್ರಯ ಹೋದ ಮೇಲೆ ಸಂಗೀತಗಾರರನ್ನು ಯಾರು ಸಾಕಬೇಕು ಎಂಬ ಪ್ರಶ್ನೆಗೆ ಅವರ ಉತ್ತರ, ಆಕಾಶವಾಣಿ.

ಸಿನಿಮಾ ಹಾಡಿನ ಬಗ್ಗೆ ಅವರ ಅಭಿಪ್ರಾಯ ನಮ್ಮ ಬಸ್ಸಿನ ಹಿರಿಯರ ಅಭಿಪ್ರಾಯವೇ. ಸಾಹಿತ್ಯ ಅಗ್ಗವಾಗುತ್ತಿದೆ, ರಾಗಗಳನ್ನು ಪಾಶ್ಚಾತ್ಯ ತಾಳ ನುಂಗುತ್ತಿದೆ, ಎಳೆಯರು ಕೆಡುತ್ತಿದ್ದಾರೆ. ವ್ಯತ್ಯಾಸವಿಷ್ಟೆ: ಹಿರಿಯರು ಗೊಣಗಿ ಸುಮ್ಮನಾಗುತ್ತಾರೆ, ಸಚಿವರು ಆಜ್ಞೆ ಹೊರಡಿಸಬಲ್ಲರು. ಚಿತ್ರಗೀತೆಗೆ ಸಿಗುವ ಸಮಯವನ್ನು ಒಟ್ಟು ಪ್ರಸಾರದ ಶೇಕಡ 10ಕ್ಕೆ ಇಳಿಸಲಾಯಿತು. ಆ ಹಾಡುಗಳನ್ನೂ ಜರಡಿ ಹಿಡಿದು ಆರಿಸಬೇಕು. ಹಾಡಿದವರ ಹೆಸರು ಹೇಳಬಹುದು, ಸಿನಿಮಾದ ಹೆಸರು ಹೇಳಬಾರದು. ಹೇಳಿದರೆ ಅದು ಸರ್ಕಾರಿ ಖರ್ಚಿನಲ್ಲಿ ಜಾಹೀರಾತು ಕೊಟ್ಟಂತೆ.

ನಿರ್ಮಾಪಕರು ಈ ಕೊನೆಯ ಮಾತಿಗೆ ಕೆರಳಿದರು. ಚಿತ್ರದ ಹೆಸರಿಲ್ಲದಿದ್ದರೆ ಹಾಡೂ ಇಲ್ಲ ಎಂದು ಪ್ರಸಾರದ ಹಕ್ಕನ್ನೇ ಹಿಂದಕ್ಕೆ ಪಡೆದರು. ಕೆಲವೇ ತಿಂಗಳಲ್ಲಿ ಆಕಾಶವಾಣಿಯಿಂದ ಚಿತ್ರಗೀತೆ ಹೆಚ್ಚುಕಡಿಮೆ ಮಾಯವಾಯಿತು. ‘ನಿಷೇಧ’ ಎಂದು ಎಲ್ಲರೂ ಈಗ ಕರೆಯುವ ಈ ಘಟನೆ ನಿಜವಾಗಿ ಅರ್ಧ ಸಚಿವರ ಹಟ, ಅರ್ಧ ನಿರ್ಮಾಪಕರ ಮುನಿಸು. ಕೇಳುಗನಿಗೆ ಮಾತ್ರ ಎರಡೂ ಒಂದೇ: ಗುಂಡಿ ತಿರುಗಿಸಿದರೆ ಬೇಕಾದ ಹಾಡು ಇಲ್ಲ.

ಸಮುದ್ರದಾಚೆಯಿಂದ ಬಂದ ಹಾಡು

ಗುಂಡಿಯನ್ನು ಇನ್ನಷ್ಟು ತಿರುಗಿಸಿದರೆ? ಅಲ್ಲಿ ಸಿಲೋನ್ ಇತ್ತು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಮೌಂಟ್‌ಬ್ಯಾಟನ್ನರ ಸೇನಾ ಕಮಾಂಡ್ ಕೊಲಂಬೊದಲ್ಲಿ ಸೈನಿಕರಿಗಾಗಿ ರೇಡಿಯೋ ಕೇಂದ್ರವೊಂದನ್ನು ನಡೆಸುತ್ತಿತ್ತು. ಯುದ್ಧ ಮುಗಿದ ಮೇಲೆ ಅದರ ಭಾರೀ ಶಕ್ತಿಯ ಪ್ರಸಾರ ಯಂತ್ರ ಸಿಲೋನಿನ ಪಾಲಾಯಿತು. 1950ರ ಸೆಪ್ಟೆಂಬರ್ 30ರಂದು ರೇಡಿಯೋ ಸಿಲೋನ್ ತನ್ನ ವಾಣಿಜ್ಯ ಪ್ರಸಾರ ತೆರೆಯಿತು. ಅಲ್ಲಿ ಜಾಹೀರಾತು ಕೊಡಬಹುದು, ಹಾಡು ಹಾಕಬಹುದು, ಚಿತ್ರದ ಹೆಸರನ್ನೂ ಹೇಳಬಹುದು.

ಇಷ್ಟು ದೂರದ ಕೇಂದ್ರ ಬಳ್ಳಾರಿಯಲ್ಲೂ ಭೋಪಾಲದಲ್ಲೂ ಕೇಳಿಸುತ್ತಿದ್ದುದು ಹೇಗೆ? ಅದು ಶಾರ್ಟ್‌ವೇವ್‌ನ ಮಹಿಮೆ. ಭೂಮಿಯ ವಾತಾವರಣದ ಮೇಲ್ಭಾಗದಲ್ಲಿ ಸೂರ್ಯನ ಕಿರಣಗಳಿಂದ ವಿದ್ಯುದಾವೇಶ ಪಡೆದ ಕಣಗಳ ಪದರಗಳಿವೆ. ಅದನ್ನು ಅಯಾನುಗೋಳ ಎನ್ನುತ್ತಾರೆ. ಶಾರ್ಟ್‌ವೇವ್ ಅಲೆಗಳು ಮೇಲೆ ಹೋಗಿ ಆ ಪದರಕ್ಕೆ ತಾಗಿ, ಗೋಡೆಗೆ ಎಸೆದ ಚೆಂಡಿನಂತೆ ನೂರಾರು, ಸಾವಿರಾರು ಕಿಲೋಮೀಟರ್ ಆಚೆ ಕೆಳಗೆ ಬೀಳುತ್ತವೆ. ನಡುವೆ ಸಮುದ್ರವಿರಲಿ, ಬೆಟ್ಟವಿರಲಿ, ದೇಶದ ಗಡಿಯಿರಲಿ, ಅವಕ್ಕೆ ಲೆಕ್ಕವಿಲ್ಲ. ಆ ಪದರ ಹಗಲಿರುಳು ಬದಲಾಗುವುದರಿಂದ ದನಿ ಒಮ್ಮೆ ಉಕ್ಕಿ, ಒಮ್ಮೆ ಕುಗ್ಗುತ್ತದೆ. ಹಾಡಿನ ನಡುವೆ ಕರಕರ, ಸುಯ್ಯೆಂಬ ಸದ್ದು. ಮೆಚ್ಚಿನ ಸಾಲು ಬರುವ ಹೊತ್ತಿಗೆ ಸರಿಯಾಗಿ ದನಿ ಮುಳುಗುವುದು. ಹಳಬರನ್ನು ಕೇಳಿದರೆ ಈ ಕಿರಿಕಿರಿಯನ್ನು ಹಾಡಿನಷ್ಟೇ ಪ್ರೀತಿಯಿಂದ ನೆನೆಯುತ್ತಾರೆ.

ಆಗಿನ ರೇಡಿಯೋ ಎಂದರೆ ಮರದ ಪೆಟ್ಟಿಗೆ. ಗುಂಡಿಯೊತ್ತಿದರೆ ವಾಲ್ವುಗಳು ಬಿಸಿಯಾದ ಮೇಲೆಯೇ ಮಾತು. ಗೋಡೆಯಿಂದ ಗೋಡೆಗೆ ತಂತಿಯ ಜಾಲರಿಯ ಏರಿಯಲ್ ಕಟ್ಟಬೇಕು. ಕೇಂದ್ರ ಸರಿಯಾಗಿ ಸಿಕ್ಕಿತೆಂದು ಹೇಳಲು ಕೆಲವು ಪೆಟ್ಟಿಗೆಗಳಲ್ಲಿ ಹಸಿರು ದೀಪದ ಕಣ್ಣೊಂದು ಇರುತ್ತಿತ್ತು. ಮನೆಯ ಹಿರಿಯರು ಮಾತ್ರ ಮುಟ್ಟಬೇಕಾದ ಈ ಪೆಟ್ಟಿಗೆಯ ಮುಳ್ಳನ್ನು, ಅವರು ಹೊರಗೆ ಹೋದಾಗ ಕಿರಿಯರು ಮೆಲ್ಲಗೆ ಸಿಲೋನಿನ ಕಡೆಗೆ ಸರಿಸುತ್ತಿದ್ದರು. ಅಲ್ಲಿಂದ ಹಿಂದಿ ಹಾಡು ಬರುತ್ತಿತ್ತು, ತಮಿಳು, ತೆಲುಗು ಬರುತ್ತಿತ್ತು. ಮುಂದೆ ಕನ್ನಡದ ಚಿತ್ರಗೀತೆಗಳಿಗೂ ಅಲ್ಲಿ ವೇಳೆ ಸಿಕ್ಕಿತು.

ಅಭಿಪ್ರಾಯಕ್ಕೆ ಮೆಟ್ಟಿಲು ಕಟ್ಟಿದವರು

1952ರ ಡಿಸೆಂಬರ್ 3ರಂದು ರೇಡಿಯೋ ಸಿಲೋನಿನಲ್ಲಿ ‘ಬಿನಾಕಾ ಗೀತ್‌ಮಾಲಾ’ ಶುರುವಾಯಿತು. ಬಿನಾಕಾ ಎಂಬುದು ಹಲ್ಲುಜ್ಜುವ ಪೇಸ್ಟು. ನಿರೂಪಕ ಅಮೀನ್ ಸಯಾನಿಗೆ ಇಪ್ಪತ್ತು ತುಂಬಲು ಇನ್ನೂ ಹದಿನೆಂಟು ದಿನ ಬಾಕಿಯಿತ್ತು. ಕಾರ್ಯಕ್ರಮವನ್ನು ಮುಂಬೈಯಲ್ಲಿ ಧ್ವನಿಮುದ್ರಿಸಿ, ವಿಮಾನದಲ್ಲಿ ಕೊಲಂಬೊಗೆ ಕಳಿಸಿ, ಅಲ್ಲಿಂದ ಮತ್ತೆ ಭಾರತಕ್ಕೇ ಪ್ರಸಾರ ಮಾಡುತ್ತಿದ್ದರು. ನಮ್ಮ ಹಾಡು ನಮಗೇ ಕೇಳಿಸಬೇಕಾದರೆ ಸಮುದ್ರ ದಾಟಿ ಬರಬೇಕಾದ ಸ್ಥಿತಿ!

ಸಯಾನಿಯವರು ಮುಂದೆ ಹೇಳಿಕೊಂಡಿರುವಂತೆ ಮೊದಲ ಕಾರ್ಯಕ್ರಮಕ್ಕೇ ಒಂಬತ್ತು ಸಾವಿರ ಪತ್ರ ಬಂದವು. ಹೆಚ್ಚು ಕಾಲ ಹೋಗುವ ಮೊದಲೇ ಅದು ವಾರಕ್ಕೆ 65,000ಕ್ಕೆ ಏರಿತು. ಕಾರ್ಡು ಬರೆದವರು ವಿದ್ವಾಂಸರಲ್ಲ. ಅಂಗಡಿಯ ಹುಡುಗರು, ಕಾಲೇಜಿನ ವಿದ್ಯಾರ್ಥಿಗಳು, ಮನೆಗೆಲಸದ ನಡುವೆ ಹಾಡು ಗುನುಗುವ ಗೃಹಿಣಿಯರು. ಅವರ ಬಳಿ ಇದ್ದದ್ದು ಒಂದು ಅಭಿಪ್ರಾಯ, ಒಂದು ಅಂಚೆ ಕಾರ್ಡಿನ ಕಾಸು. ಈಗಿನ ಜಾರ್ಖಂಡಿಗೆ ಸೇರಿದ ಅಭ್ರಕದ ಗಣಿಯೂರು ಝುಮ್ರಿ ತಲೈಯಾ ಇಡೀ ದೇಶಕ್ಕೆ ಪರಿಚಯವಾದದ್ದು ಅಲ್ಲಿನವರು ರೇಡಿಯೋಗೆ ಬರೆಯುತ್ತಿದ್ದ ಕೋರಿಕೆ ಪತ್ರಗಳಿಂದಲೇ.

1954ರ ಕೊನೆಯಿಂದ ಗೀತ್‌ಮಾಲಾ ಹಾಡುಗಳಿಗೆ ಸ್ಥಾನ ಕೊಡತೊಡಗಿತು. ಯಾವ ಹಾಡು ಯಾವ ಮೆಟ್ಟಿಲಲ್ಲಿದೆ ಎಂಬುದನ್ನು ಅಂಗಡಿಗಳಲ್ಲಿ ತಟ್ಟೆಗಳು ಎಷ್ಟು ಮಾರಾಟವಾದವು ಎಂಬ ಲೆಕ್ಕ ಮತ್ತು ಕೇಳುಗರ ಸಂಘಗಳ ಮತ ಎರಡನ್ನೂ ಸೇರಿಸಿ ನಿರ್ಧರಿಸುತ್ತಿದ್ದರು. ಅದುವರೆಗೆ ಜಗಲಿಯ ಮೇಲೆ ಆಡಿ ಬಿಡುತ್ತಿದ್ದ ‘ಆ ಹಾಡು ಚೆನ್ನಾಗಿದೆ, ಈ ಹಾಡು ಪರವಾಗಿಲ್ಲ’ ಎಂಬ ಮಾತಿಗೆ ಮೊದಲ ಬಾರಿಗೆ ಅಂಕಿಯ ರೂಪ ಬಂತು. ಮೆಟ್ಟಿಲೇರಿದ ಹಾಡಿಗೆ ಮಾರುಕಟ್ಟೆಯಲ್ಲಿ ಬೆಲೆ, ಇಳಿದ ಹಾಡಿನ ಬಗ್ಗೆ ಬುಧವಾರ ರಾತ್ರಿ ಮನೆಮನೆಯಲ್ಲಿ ಜಗಳ.

ಇತ್ತ ದೆಹಲಿಯಲ್ಲಿ ಒಂದು ಮಾತು ಚಲಾವಣೆಯಲ್ಲಿತ್ತು. ರೇಡಿಯೋ ಇರುವ ಹತ್ತು ಮನೆಗಳಲ್ಲಿ ಒಂಬತ್ತು ಮನೆಯವರು ಸಿಲೋನ್ ಹಾಕಿಕೊಂಡಿದ್ದಾರೆ, ಹತ್ತನೆಯ ಮನೆಯ ರೇಡಿಯೋ ಕೆಟ್ಟುಹೋಗಿದೆ ಎಂದು! ನಗೆಮಾತು ನಿಜ, ಆದರೆ ನಗುವಂತಿರಲಿಲ್ಲ. ಕೇಳುಗರು ಲೈಸೆನ್ಸ್ ಶುಲ್ಕ ಕಟ್ಟುತ್ತಿದ್ದುದು ಭಾರತ ಸರ್ಕಾರಕ್ಕೆ, ಕಿವಿ ಕೊಡುತ್ತಿದ್ದುದು ಕೊಲಂಬೊಗೆ. ಜಾಹೀರಾತಿನ ಹಣವೂ ಅಲ್ಲಿಗೇ. ಹಾಡಿಗಾಗಿ ಮುಳ್ಳು ತಿರುಗಿಸಿದವರು ಸುದ್ದಿಗೆ ಮರಳಿ ಬರದಿದ್ದರೆ ಗತಿಯೇನು ಎಂಬ ಚಿಂತೆಯೂ ಇತ್ತು.

ಕೊನೆಗೆ 1957ರ ಅಕ್ಟೋಬರ್ 3ರಂದು ಆಕಾಶವಾಣಿಯೇ ‘ವಿವಿಧ ಭಾರತಿ’ಯನ್ನು ಆರಂಭಿಸಿತು. ಚಿತ್ರಗೀತೆ, ಹಗುರ ಮಾತು, ಕೇಳುಗರ ಕೋರಿಕೆ ಎಲ್ಲಕ್ಕೂ ಅಲ್ಲಿ ಸ್ಥಳವಾಯಿತು. ಕೇಸ್ಕರ್ ಆಗಲೂ ಸಚಿವರೇ. ಹತ್ತು ವರ್ಷ ಕಳೆದು, 1967ರ ನವೆಂಬರಿನಲ್ಲಿ ವಿವಿಧ ಭಾರತಿಯಲ್ಲಿ ಜಾಹೀರಾತೂ ಬಂತು. ಯಾವ ಕಾರಣಕ್ಕಾಗಿ ಚಿತ್ರದ ಹೆಸರನ್ನು ಹೇಳಬಾರದೆಂದಿದ್ದರೋ ಆ ಕಾರಣವೇ ಆದಾಯದ ಮೂಲವಾಯಿತು. ಗೀತ್‌ಮಾಲಾ ಕೂಡ 1989ರಲ್ಲಿ ಸಿಲೋನ್ ಬಿಟ್ಟು ವಿವಿಧ ಭಾರತಿಗೇ ಬಂದು ಸೇರಿತು. ಸಯಾನಿ 2024ರ ಫೆಬ್ರುವರಿಯಲ್ಲಿ ತೀರಿಕೊಂಡಾಗ, ಅವರ ಮುಖವನ್ನು ಎಂದೂ ನೋಡದಿದ್ದ ಹಿರಿಯರು ಮನೆಯವರನ್ನೇ ಕಳೆದುಕೊಂಡಂತೆ ಮಾತನಾಡಿದರು.

ಗೊಣಗಿದವರು ಪೂರ್ತಿ ತಪ್ಪೇ?

ಕತೆ ಇಲ್ಲಿಗೆ ಮುಗಿಸಿದರೆ ಕೇಸ್ಕರ್ ಖಳನಾಯಕರಾಗಿ ಉಳಿಯುತ್ತಾರೆ. ಅದು ನ್ಯಾಯವಲ್ಲ. ಶಾಸ್ತ್ರೀಯ ಸಂಗೀತದ ರಾಷ್ಟ್ರೀಯ ಕಾರ್ಯಕ್ರಮ 1952ರಲ್ಲಿ ಆರಂಭವಾದದ್ದು ಅವರ ಕಾಲದಲ್ಲಿಯೇ. ದರ್ಬಾರುಗಳು ಮುಚ್ಚಿದ ದಿನಗಳಲ್ಲಿ ನೂರಾರು ಗಾಯಕರಿಗೆ, ವಾದಕರಿಗೆ ಆಕಾಶವಾಣಿ ಅನ್ನ ಕೊಟ್ಟಿತು. ಮಲ್ಲಿಕಾರ್ಜುನ ಮನ್ಸೂರರಂಥವರು ಧಾರವಾಡ ಕೇಂದ್ರದಲ್ಲಿ ಸಂಗೀತ ಸಲಹೆಗಾರರಾಗಿದ್ದರು. ಟಿಕೆಟ್ ಕೊಂಡು ಕಛೇರಿಗೆ ಹೋಗಲಾರದ ರೈತನ ಮನೆಗೂ ದೊಡ್ಡವರ ಖ್ಯಾಲ್ ತಲುಪಿದ್ದು ರೇಡಿಯೋದಿಂದ. ಚಿತ್ರಗೀತೆಯ ಜಾಗ ತುಂಬಲು ಆಕಾಶವಾಣಿ ಬೆಳೆಸಿದ ‘ಸುಗಮ ಸಂಗೀತ’ ಕನ್ನಡಕ್ಕಂತೂ ದೊಡ್ಡ ಲಾಭ. ಕುವೆಂಪು, ಬೇಂದ್ರೆ, ಕೆ.ಎಸ್. ನರಸಿಂಹಸ್ವಾಮಿಯವರ ಕವಿತೆಗಳು ಪುಸ್ತಕ ಬಿಡಿಸದವರ ನಾಲಗೆಯ ಮೇಲೂ ಕುಳಿತದ್ದರಲ್ಲಿ ರೇಡಿಯೋದ ಪಾಲು ಸಣ್ಣದಲ್ಲ.

ಹಾಗಾದರೆ ಅವರು ಸೋತದ್ದೆಲ್ಲಿ? ಒಳ್ಳೆಯದನ್ನು ಬಡಿಸಿದ್ದರಲ್ಲಿ ಅಲ್ಲ. ಜನರಿಗೆ ಇಷ್ಟವಾದದ್ದನ್ನು ಎಲೆಯಿಂದ ಎತ್ತಿಕೊಂಡದ್ದರಲ್ಲಿ. ಉಪ್ಪಿನಕಾಯಿ ಬೇಡವೆಂದು ಕಸಿದುಕೊಂಡರೆ ಮಗು ಪಲ್ಯ ತಿನ್ನುವುದಿಲ್ಲ, ಪಕ್ಕದ ಮನೆಗೆ ಹೋಗುತ್ತದೆ. ಇನ್ನೊಂದು ವಿಚಿತ್ರವನ್ನೂ ಗಮನಿಸಬೇಕು. ಕೇಳಿದರೆ ಯುವಕರು ಕೆಡುತ್ತಾರೆ ಎಂದು 1952ರಲ್ಲಿ ಹೊರಗಿಟ್ಟ ಕಾಲದ ಹಾಡುಗಳನ್ನೇ ನಾವಿಂದು ‘ಸುವರ್ಣ ಯುಗದ ಗೀತೆಗಳು’ ಎಂದು ಕರೆದು ಹೊಸ ಹಾಡುಗಳನ್ನು ಬೈಯುತ್ತೇವೆ. ಬಸ್ಸಿನ ಹಿರಿಯರು ಹಂಬಲಿಸುವ ‘ನಮ್ಮ ಕಾಲದ ಹಾಡು’, ಅವರ ತಂದೆಯ ಕಾಲದಲ್ಲಿ ಸರ್ಕಾರವೇ ತಲೆಬಾಲವಿಲ್ಲದ್ದೆಂದು ತೀರ್ಮಾನಿಸಿದ ಹಾಡು.

ಹಾಡು ಯಾರದು, ಕಿವಿ ಯಾರದು?

1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್, 1960ರ ದಶಕದಲ್ಲಿ ನಮ್ಮ ಊರುಗಳಿಗೆ ಹೆಗಲಿಗೆ ತೂಗುವ ರೇಡಿಯೋ ಆಗಿ ಬಂತು. ಹಾಡು ಜಗಲಿಯಿಂದ ಗದ್ದೆಯ ಬದುವಿಗೆ, ಗಾಡಿಯ ಮೂಕಿಗೆ, ಕ್ಷೌರದಂಗಡಿಗೆ ಹೋಯಿತು. ಅದರ ಜೊತೆಗೇ ಹೊಸ ದೂರೂ ಬಂತು: ಹಾಕಿಕೊಳ್ಳಲಿ, ನಮಗೇಕೆ ಕೇಳಿಸುತ್ತಾರೆ? ಈ ದೂರಿಗೆ ತೂಕವಿದೆ. ಲೈಸೆನ್ಸ್ ಪದ್ಧತಿ 1980ರ ದಶಕದಲ್ಲಿ ಹೋಯಿತು. ಆಕಾಶದ ಅಲೆಗಳು ಸಾರ್ವಜನಿಕ ಆಸ್ತಿ, ಅವು ಸರ್ಕಾರದ ಸ್ವತ್ತಲ್ಲ ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಖಾಸಗಿ ಎಫ್.ಎಂ. ಕೇಂದ್ರ ದೇಶದಲ್ಲಿ ಮೊದಲು ತೆರೆದದ್ದು 2001ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಇನ್ನೊಂದು ಕಡೆ, 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರ ಮೇಲೆ ಧ್ವನಿವರ್ಧಕಕ್ಕೆ ಕಡಿವಾಣ ಹಾಕಿದವು. ಎರಡನ್ನೂ ಜೊತೆಗಿಟ್ಟು ನೋಡಿದರೆ ಒಂದು ಗೆರೆ ಕಾಣಿಸುತ್ತದೆ. ಏನು ಕೇಳಬೇಕೆಂದು ಹೇಳುವ ಹಕ್ಕು ಇನ್ನೊಬ್ಬರಿಗಿಲ್ಲ. ಎಷ್ಟು ಗಟ್ಟಿಯಾಗಿ ಕೇಳಬೇಕೆಂದು ಹೇಳುವ ಹಕ್ಕು ಪಕ್ಕದವರಿಗಿದೆ.

ಈ ಗೆರೆಯನ್ನು ಎಳೆದುಕೊಟ್ಟದ್ದು ದೊಡ್ಡ ಸಿದ್ಧಾಂತಗಳಷ್ಟೇ ಅಲ್ಲ, ದಿನನಿತ್ಯದ ಇಂಥ ಸಣ್ಣಪುಟ್ಟ ಗೊಣಗಾಟಗಳು, ಮೆಚ್ಚುಗೆಗಳು. ಇಂದು ಏನನ್ನು ಕೇಳಿದೆವು, ಎಲ್ಲಿ ನಿಲ್ಲಿಸಿದೆವು ಎಂಬುದನ್ನು ಫೋನು ನಮ್ಮನ್ನು ಕೇಳದೆಯೇ ಲೆಕ್ಕ ಇಡುತ್ತದೆ. ಅಂದಿನ ಕೇಳುಗ ಹಾಗಲ್ಲ. ಯೋಚಿಸಿ ಕಾರ್ಡು ಬರೆಯುತ್ತಿದ್ದ, ಕೆಳಗೆ ಮನೆಯವರೆಲ್ಲರ ಹೆಸರು ಹಾಕುತ್ತಿದ್ದ, ವಾರಗಟ್ಟಲೆ ಕಾಯುತ್ತಿದ್ದ. ತನ್ನ ಅಭಿಪ್ರಾಯಕ್ಕೆ ತಾನೇ ಸಹಿ ಹಾಕುತ್ತಿದ್ದ.

ಬಸ್ಸಿಗೆ ಮರಳೋಣ. ಹಿರಿಯರು ಎದ್ದು ಹೋಗಿ, ‘ಸ್ವಲ್ಪ ಸಣ್ಣಗೆ ಮಾಡಪ್ಪ’ ಎಂದರೆ ನ್ಯಾಯ ಅವರ ಕಡೆಗಿದೆ. ‘ಅಂಥ ಹಾಡು ಕೇಳಬೇಡ’ ಎಂದರೆ ಮಾತ್ರ, ಅವರು ಸೋತ ಪಕ್ಷದಲ್ಲಿ ನಿಂತಿದ್ದಾರೆ ಎಂದು ತಿಳಿಯಬೇಕು. ಇನ್ನು ಮೂವತ್ತು ವರ್ಷ ಹೋಗಲಿ. ಆ ಹುಡುಗನೂ ಯಾವುದೋ ಬಸ್ಸಿನ ಕಿಟಕಿಯ ಪಕ್ಕ ಕುಳಿತಿರುತ್ತಾನೆ. ಹಿಂದಿನ ಸೀಟಿನಿಂದ ಏನೋ ಕೇಳಿಸುತ್ತದೆ. ಅವನೂ ಒಮ್ಮೆ ಕೆಮ್ಮಿ, ಪಕ್ಕದವರ ಕಡೆ ವಾಲುತ್ತಾನೆ.